ಟಾಟಾ ಇನ್‌ಸ್ಟಿಟ್ಯೂಟಿನ ಧವನ್ ಮೇಷ್ಟ್ರು



ಚೆನ್ನೈ ಸೆಂಟ್ರಲ್‌ನಿಂದ ವಿಜಯವಾಡದ ಕಡೆ ರೈಲಿನಲ್ಲಿ ಹೋಗಿದ್ದರೆ ಸುಳ್ಳೂರುಪೇಟೆ ಸ್ಟೇಷನ್ ನೋಡಿರುತ್ತೀರಿ. ಅಲ್ಲಿಂದ ಸಮುದ್ರದ ಕಡೆಗೆ ಹೋದರೆ ಶ್ರೀಹರಿಕೋಟ. ರಾಕೆಟ್ ಹಾರಿದ ದಿನ ಟೀವಿಯಲ್ಲಿ ಆ ಜಾಗದ ಹೆಸರು ಕೇಳುತ್ತೇವೆ: ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ. ಯಾರು ಈ ಧವನ್ ಅಂತ ಮನೆಯ ಮಕ್ಕಳು ಕೇಳಿದರೆ ಇಸ್ರೋ ಅಧ್ಯಕ್ಷರಾಗಿದ್ದವರು ಅಂತ ಹೇಳಿ ಮುಗಿಸುತ್ತೇವೆ. ಅದು ಸರಿಯೇ. ಆದರೆ ಅವರು ಮೊದಲು ಮೇಷ್ಟ್ರು. ನಮ್ಮ ಬೆಂಗಳೂರಿನವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಪಾಠ ಹೇಳಿದವರು.

ಧವನ್ ಹುಟ್ಟಿದ್ದು 1920ರಲ್ಲಿ, ಶ್ರೀನಗರದಲ್ಲಿ. ಲಾಹೋರಿನಲ್ಲಿದ್ದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅವರು ಪಡೆದ ಪದವಿಗಳನ್ನು ಕೇಳಿ: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್! ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತ ನನಗೆ ಈ ಪಟ್ಟಿ ಓದಿದಾಗ ಆದ ಸಂತೋಷ ಹೇಳತೀರದು. ಹತ್ತನೇ ಕ್ಲಾಸಿಗೇ ಮಕ್ಕಳ ದಾರಿ ಗೆರೆ ಕೊರೆದಿಡುವ ಅಪ್ಪ ಅಮ್ಮಂದಿರು ಸ್ವಲ್ಪ ಗಮನಿಸಿ.

ಮುಂದೆ ಅಮೆರಿಕ. ಮಿನ್ನೆಸೋಟದಲ್ಲಿ ಎಂ.ಎಸ್., ಕ್ಯಾಲ್‌ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಕೈಕೆಳಗೆ 1951ರಲ್ಲಿ ಪಿಎಚ್.ಡಿ. ಗಾಳಿ ಒಂದು ತಟ್ಟೆಯ ಮೈಯನ್ನು ಸವರಿಕೊಂಡು ಹೋಗುವಾಗ ಎಷ್ಟು ಬಲದಿಂದ ಎಳೆಯುತ್ತದೆ? ಅದನ್ನು ಲೆಕ್ಕದಲ್ಲಿ ಊಹಿಸದೆ ನೇರವಾಗಿ ಅಳೆದು ತೋರಿಸಿದ್ದು ಅವರ ಪ್ರಬಂಧ. ಅದೇ ವರ್ಷ ಬೆಂಗಳೂರಿಗೆ ಬಂದರು, 1955ರಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಶಬ್ದಕ್ಕಿಂತ ವೇಗದ ಗಾಳಿಯನ್ನು ಹಾಯಿಸಿ ಪ್ರಯೋಗ ಮಾಡುವ ಸುರಂಗವನ್ನು ಕಟ್ಟಿದರು. ಅಲ್ಲಿ ಅವರ ಕೈಯಲ್ಲಿ ಪಳಗಿದವರೇ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಗುರು ಶಿಷ್ಯರಿಬ್ಬರೂ ಸೇರಿ 1958ರಲ್ಲಿ ಬರೆದ ಲೇಖನವನ್ನು ಆ ಶಾಸ್ತ್ರದವರು ಇವತ್ತಿಗೂ ಎತ್ತಿಹೇಳುತ್ತಾರೆ.

ಇಂಥ ಮೇಷ್ಟ್ರನ್ನು 1962ರಲ್ಲಿ ಇಡೀ ಸಂಸ್ಥೆಯ ನಿರ್ದೇಶಕರನ್ನಾಗಿ ಮಾಡಿದರು. ಬೇರೆ ವಿಶ್ವವಿದ್ಯಾಲಯಗಳಲ್ಲಿ ಕುಲಪತಿ, ಉಪಕುಲಪತಿ ಅನ್ನುತ್ತಾರಲ್ಲ, ಅಂಥ ಹುದ್ದೆ. ಒಳ್ಳೆಯ ಮೇಷ್ಟ್ರನ್ನು ಕುರ್ಚಿಗೆ ಏರಿಸಿ, ಪಾಠವೂ ಹೋಯಿತು, ಆಡಳಿತವೂ ಹತ್ತಲಿಲ್ಲ ಅನ್ನುವ ಸ್ಥಿತಿಯನ್ನು ನಾವೆಲ್ಲ ಕಂಡವರೇ. ಧವನ್ ಆ ಕುರ್ಚಿಯಲ್ಲಿ 1981ರವರೆಗೆ, ಸುಮಾರು ಹತ್ತೊಂಬತ್ತು ವರ್ಷ ಕೂತರು. ಸಂಸ್ಥೆಯ ಚರಿತ್ರೆಯಲ್ಲಿ ಅಷ್ಟು ಕಾಲ ನಿರ್ದೇಶಕರಾಗಿದ್ದವರು ಬೇರೆ ಇಲ್ಲ.

ಏನು ಮಾಡಿದರು? ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಜನರನ್ನು ಆರಿಸಿದ್ದು. ಅದೂ ತಮ್ಮ ವಿದ್ಯೆಗೆ ಸಂಬಂಧವೇ ಇಲ್ಲದವರನ್ನು. ಮದ್ರಾಸ್ ವಿಶ್ವವಿದ್ಯಾಲಯ ಬಿಟ್ಟ ಜಿ.ಎನ್. ರಾಮಚಂದ್ರನ್ ಬಂದು ಅಣುಜೀವ ಭೌತಶಾಸ್ತ್ರದ ವಿಭಾಗ ಕಟ್ಟಿದ್ದು ಇವರ ಕಾಲದಲ್ಲಿ. ಕಾಡು, ಪ್ರಾಣಿ ಅಂತ ತಿರುಗುವ ಮಾಧವ ಗಾಡ್ಗೀಳರಿಗೆ ಇಂಜಿನಿಯರುಗಳ ನಡುವೆ ಜಾಗ ಸಿಕ್ಕಿದ್ದೂ ಆಗಲೇ. ರಸಾಯನಶಾಸ್ತ್ರದ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಣ ಅಂದಾಗ 1974ರಲ್ಲಿ ‘ಅಸ್ತ್ರ’ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ. ಕಡಿಮೆ ಸೌದೆ, ಕಡಿಮೆ ಹೊಗೆಯ ‘ಅಸ್ತ್ರ ಒಲೆ’ ನಿಮ್ಮ ಊರಿನ ಅಡಿಗೆಮನೆಯಲ್ಲೂ ಇದ್ದಿರಬಹುದು. ನೆನಪಿಸಿಕೊಳ್ಳಿ.

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ತೀರಿಕೊಂಡರು. ಧವನ್ ಆಗ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿ ಕರೆದರು. ಒಪ್ಪಿಕೊಂಡರು, ಆದರೆ ಎರಡು ಷರತ್ತು ಹಾಕಿದರು: ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು, ನಾನು ಸಂಸ್ಥೆಯ ನಿರ್ದೇಶಕನಾಗಿಯೂ ಉಳಿಯಬೇಕು. ಪ್ರಧಾನಿ ಕರೆದು ದೊಡ್ಡ ಕುರ್ಚಿ ಕೊಟ್ಟಾಗ ಹಳೆಯ ಕುರ್ಚಿ ಬಿಡೋದಿಲ್ಲ ಅಂದವರು ಎಷ್ಟು ಜನ ಇದ್ದಾರು? ಬೆಂಗಳೂರು ಬಾಹ್ಯಾಕಾಶದ ಊರಾದದ್ದು ಹೀಗೆ. 1972ರಿಂದ 1984ರವರೆಗೆ ಅವರು ಇಸ್ರೋ ಅಧ್ಯಕ್ಷರು. ಅದರಲ್ಲಿ ಒಂಬತ್ತು ವರ್ಷ ಎರಡೂ ಹೊರೆ ಒಟ್ಟಿಗೆ.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಉತ್ತರ ಕೊಟ್ಟರು. 1980ರ ಜುಲೈ 18ರಂದು ಗೆದ್ದಾಗ ಯೋಜನೆಯ ನಿರ್ದೇಶಕ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಅದನ್ನು ಜೀವನಪೂರ್ತಿ ಹೇಳಿಕೊಂಡು ಬಂದರು, ಹಾಗಾಗಿ ಎಲ್ಲರಿಗೂ ಗೊತ್ತು. ಒಳ್ಳೆಯ ಕಥೆಯೇ. ಆದರೆ ಅದೊಂದನ್ನೇ ಹೇಳುತ್ತಾ ಹೇಳುತ್ತಾ ಆ ಹತ್ತೊಂಬತ್ತು ವರ್ಷದ ದಿನನಿತ್ಯದ ಕೆಲಸ ಮರೆತುಹೋಗಿದೆ ಅಂತ ನನಗನ್ನಿಸುತ್ತದೆ. ಫೈಲು, ಸಭೆ, ನೇಮಕ, ಜಗಳ ಬಿಡಿಸುವುದು, ಇದಕ್ಕೆಲ್ಲ ಯಾರು ಚಪ್ಪಾಳೆ ತಟ್ಟುತ್ತಾರೆ?

ಮೇಷ್ಟ್ರು ಮಾತ್ರ ಗಾಳಿಯ ಪಾಠ ಬಿಟ್ಟಿರಲಿಲ್ಲ. ಎಲ್ಲ ಕುರ್ಚಿಗಳಿಂದ ಇಳಿದ ಮೇಲೆ 1991ರಲ್ಲಿ ಅವರದೊಂದು ಪುಸ್ತಕ ಬಂತು. ರಾಕೆಟ್ ಬಗ್ಗೆ ಅಲ್ಲ, ಆಡಳಿತದ ಬಗ್ಗೆಯೂ ಅಲ್ಲ. ಹಕ್ಕಿಗಳು ಹೇಗೆ ಹಾರುತ್ತವೆ ಅನ್ನುವುದರ ಬಗ್ಗೆ. ಧವನ್ 2002ರ ಜನವರಿ 3ರಂದು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟದ ಕೇಂದ್ರಕ್ಕೆ ಅವರ ಹೆಸರಿಟ್ಟರು. ಪಕ್ಕದಲ್ಲೇ ಪುಲಿಕಾಟ್ ಸರೋವರ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ, ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.