ಮಕ್ಕಳ ವಾರ್ಡಿನಿಂದ ದೊಡ್ಡವರ ವಾರ್ಡಿಗೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯನ್ನು ಅರಿಯದ ಮನೆ ನಮ್ಮಲ್ಲಿ ಕಡಿಮೆ. 1929ರಲ್ಲಿ ಗಿರಣಿಗಳ ನಡುವೆ ತಲೆಯೆತ್ತಿದ ಆಸ್ಪತ್ರೆಯದು. 1982ರ ಮುಷ್ಕರದ ಬಳಿಕ ಗಿರಣಿಗಳು ಮುಚ್ಚುತ್ತ ಬಂದವು. ನಮ್ಮವರು ಅನೇಕರು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದರು. ಆದರೂ ಮಗುವಿಗೆ ಥಲಸ್ಸೀಮಿಯಾ, ಅಪಸ್ಮಾರ, ಬಾಲ್ಯದ ಮಧುಮೇಹದಂಥ ಬಹುಕಾಲದ ಕಾಯಿಲೆ ಬಂದರೆ ತಾಯಂದಿರು ಇಂದಿಗೂ ಲೋಕಲ್ ಗಾಡಿ ಹಿಡಿದು ಪರೇಲಿಗೆ ಹೋಗುವುದುಂಟು.

ಆದರೆ ಮಕ್ಕಳ ವಿಭಾಗಕ್ಕೆ ವಯಸ್ಸಿನ ಮಿತಿಯಿದೆ. ಕೆಲವೆಡೆ 12, ಕೆಲವೆಡೆ 18. 2013ರಲ್ಲಿ ಆರಂಭವಾದ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ 18ಕ್ಕೆ ನಿಲ್ಲುತ್ತದೆ. ಕಾಯಿಲೆ ಮಾತ್ರ ನಿಲ್ಲುವುದಿಲ್ಲ. ಅದೇ ವಯಸ್ಸಿಗೆ ಹುಡುಗ ಕೆಲಸಕ್ಕೆ ಸೇರುತ್ತಾನೆ. ಊರಿನಿಂದ ಹೋಟೆಲಿಗೆ ಬರುವವನ ಫೈಲು ಊರಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಮಾಲಿಕನಿಗೆ ತಿಳಿದರೆ ಕೆಲಸ ಹೋದೀತು, ಹುಡುಗಿಯಾದರೆ ಸಂಬಂಧ ತಪ್ಪೀತು ಎಂದು ಕಾಯಿಲೆಯನ್ನೇ ಮುಚ್ಚಿಡುತ್ತಾರೆ.

ಇದರ ಫಲ ಭಯಂಕರ. ಬಾಲ್ಯದ ಮಧುಮೇಹದವನು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸಿದರೂ ತಲೆಸುತ್ತಿ ಬೀಳುತ್ತಾನೆ. ಅಪಸ್ಮಾರದ ಗುಳಿಗೆ ಥಟ್ಟನೆ ನಿಲ್ಲಿಸಿದರೆ, ನಿದ್ದೆಗೆಟ್ಟು ದುಡಿದರೆ, ಸೆಳವು ಮರುಕಳಿಸುತ್ತದೆ. ಥಲಸ್ಸೀಮಿಯಾದಲ್ಲಿ ಪದೇ ಪದೇ ರಕ್ತ ಪಡೆದವನ ಹೃದಯ, ಯಕೃತ್ತುಗಳಲ್ಲಿ ಕಬ್ಬಿಣದಂಶ ಸೇರುತ್ತದೆ. ಅದನ್ನು ಹೊರಹಾಕುವ ಔಷಧ ತಪ್ಪಿದರೆ ಹಾನಿ ಸದ್ದಿಲ್ಲದೆ ಬೆಳೆಯುತ್ತದೆ.

ಬಂಧುಗಳೇ, ಗಿರಣಿಯಲ್ಲಿ ಪಾಳಿ ಬದಲಾಗುವಾಗ ನಾವು ಮಗ್ಗವನ್ನು ಮುಂದಿನವನಿಗೆ ಒಪ್ಪಿಸಿ ಬರುತ್ತಿದ್ದೆವು. ಹೋಟೆಲಿನಲ್ಲಿ ಗಲ್ಲಾ ಎಣಿಸಿ ಒಪ್ಪಿಸುತ್ತೇವೆ. ಮಗನ ಆರೋಗ್ಯವನ್ನು ಮಾತ್ರ ಒಪ್ಪಿಸದೆ ಬಿಡುವುದು ಸರಿಯೇ?

ಆದ್ದರಿಂದ 14ನೆಯ ವರ್ಷದಿಂದಲೇ ಮಗುವಿಗೆ ತನ್ನ ಕಾಯಿಲೆಯ ಹೆಸರು, ಔಷಧದ ಹೆಸರು, ಪ್ರಮಾಣ ಬಾಯಿಪಾಠವಾಗಲಿ. ಡಾಕ್ಟರರ ಮುಂದೆ ತಾಯಿಗಿಂತ ಮೊದಲು ಅವನೇ ಮಾತಾಡಲಿ. ಮಕ್ಕಳ ಡಾಕ್ಟರರಿಂದ ಇದುವರೆಗಿನ ಚಿಕಿತ್ಸೆಯ ಸಾರಾಂಶವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮುಂದೆ ಯಾರಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಿ. ಕಳವಾದ ಶಿವಾಜಿ ಆಸ್ಪತ್ರೆಯೋ, ಡೊಂಬಿವಲಿಯ ಶಾಸ್ತ್ರಿನಗರವೋ, ಕಲ್ಯಾಣದ ರುಕ್ಮಿಣಿಬಾಯಿಯೋ, ವಾಶಿಯ ಪಾಲಿಕೆ ಆಸ್ಪತ್ರೆಯೋ, ಇಲ್ಲ ಪರೇಲಿನ ಕೆ.ಇ.ಎಂ. ಆಸ್ಪತ್ರೆಯೋ, ಕಾಯಿಲೆಗೆ ತಕ್ಕುದನ್ನು ಅವರು ಹೇಳಲಿ. ಹಳೆಯ ಬಾಗಿಲು ಮುಚ್ಚುವ ಮೊದಲೇ ಹೊಸ ಡಾಕ್ಟರರನ್ನು ಒಮ್ಮೆ ಕಂಡುಬನ್ನಿ.

ಇ.ಎಸ್.ಐ. ಇರುವವರು ಗಮನಿಸಿ. 18 ತುಂಬಿತೆಂದು ಹಕ್ಕು ತಾನಾಗಿ ಮುಗಿಯುವುದಿಲ್ಲ. ನಮ್ಮ ದುಡಿಮೆಯನ್ನೇ ನಂಬಿ ಓದುತ್ತಿರುವ ಮಗನಿಗೆ 21ರವರೆಗೆ, ಅವಿವಾಹಿತ ಮಗಳಿಗೆ ಮದುವೆಯವರೆಗೆ, ದೇಹದ ಅಥವಾ ಮನಸ್ಸಿನ ಊನದಿಂದ ಅಶಕ್ತರಾದ ಮಕ್ಕಳಿಗೆ ಆ ಅಶಕ್ತತೆ ಇರುವವರೆಗೂ ಕಾನೂನು ಚಿಕಿತ್ಸೆ ಕೊಡುತ್ತದೆ. ಕಚೇರಿಯಲ್ಲಿ ಕೇಳಿ ದಾಖಲೆ ಮಾಡಿಸಿಕೊಳ್ಳಿ.

ಹೋಟೆಲಿನ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಇನ್ಸುಲಿನ್ ತೆಗೆದುಕೊಳ್ಳುವ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡಿ. ಅವನನ್ನು ಹೀಯಾಳಿಸಬೇಡಿ. ಹೊಸ ಆಸ್ಪತ್ರೆಗೆ ಒಬ್ಬನೇ ಹೋಗಲು ಅಳುಕುವವನು ಸಂಘಕ್ಕೆ ತಿಳಿಸಲಿ. ರಜೆಯ ದಿನ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಬದುಕಿಸಿ ಬೆಳೆಸಿದ ಮಕ್ಕಳನ್ನು ದುಡಿಯುವ ವಯಸ್ಸಿನಲ್ಲಿ ಕಳೆದುಕೊಳ್ಳುವುದು ಬೇಡ.