ಕಾಣದ ಬೆಳಕಿನ ದೋಷ ಹುಡುಕೋದು ಹೇಗೆ?

ಅಪ್ಪನ ನಡುಗುವ ಬೆರಳಿಗೆ ರಿಮೋಟಿನ ಸಣ್ಣ ಬಟನ್ ಸಿಗಲ್ಲ, ಅದಕ್ಕೇ ಒಂದೇ ದೊಡ್ಡ ಬಟನ್ನಿನ ಟಿವಿ ರಿಮೋಟ್ ಕಟ್ಟಿದೆ. ಒತ್ತಿದರೆ ಟಿವಿ ಮಿಸುಕಲಿಲ್ಲ. ಇನ್‌ಫ್ರಾರೆಡ್ ಕಣ್ಣಿಗೆ ಕಾಣಲ್ಲ. ಊಹೆ ಬಿಟ್ಟು ಒಂದೊಂದೇ ಪರೀಕ್ಷಿಸೋಣ.

ಮೊದಲು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮನೆಯ ಹಳೇ ರಿಮೋಟ್ ಒತ್ತಿ ನೋಡಿ. ನೇರಳೆ ಮಿಣುಕು ಕಂಡರೆ ಕ್ಯಾಮೆರಾ ನಂಬಬಹುದು. ಆಮೇಲೆ ನಿಮ್ಮ ಎಲ್‌ಇಡಿ ನೋಡಿ.

ಕತ್ತಲೇನಾ? 220 ಓಮ್ ರೆಸಿಸ್ಟರ್ ಮೂಲಕ ನೇರ 5 ವೋಲ್ಟ್ ಕೊಡಿ, ಉದ್ದ ಕಾಲಿಗೆ ಪ್ಲಸ್. ಎಲ್‌ಇಡಿ ಮೇಲೆ ಮೀಟರ್ ಸುಮಾರು 1.2 ವೋಲ್ಟ್ ತೋರಿಸಬೇಕು. ನಮ್ಮದರಲ್ಲಿ ಪೂರ್ತಿ 5 ಬಂತು; ತಿರುಗಿಸಿದರೂ ಅಷ್ಟೇ. ಎಲ್‌ಇಡಿಯೇ ಸತ್ತಿತ್ತು, ಬದಲಾಯಿಸಿದೆ.

ಮಿಣುಕಿದರೂ ಟಿವಿ ಸುಮ್ಮನಿದ್ದರೆ ಕೋಡ್ ನೋಡಿ: ಹೆಚ್ಚಿನ ರಿಸೀವರ್‌ಗಳು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುವ ಬೆಳಕಿಗಷ್ಟೇ ಓಗೊಡುತ್ತವೆ.