ಕೊನೆಗಾಲದ ಆರೈಕೆ ಒಳ್ಳೆಯದೆಂದು ತಿಳಿಯುವುದು ಹೇಗೆ?



ಅಡಿಕೆ ಕೊಳ್ಳುವವನು ಒಂದೆರಡು ಅಡಿಕೆ ಒಡೆದು ನೋಡುತ್ತಾನೆ. ದನ ಕೊಳ್ಳುವವನು ಹಲ್ಲು ಎಣಿಸುತ್ತಾನೆ. ಆದರೆ ಗುಣವಾಗದ ಕಾಯಿಲೆಯವರು ಮನೆಯಲ್ಲಿದ್ದು, ಅವರ ಆರೈಕೆಯನ್ನು ಒಂದು ಸಂಸ್ಥೆಗೋ ತಂಡಕ್ಕೋ ಒಪ್ಪಿಸುವಾಗ ನಾವು ಏನನ್ನೂ ವಿಚಾರಿಸುವುದಿಲ್ಲ. "ಬಂದು ನೋಡಿದರಲ್ಲ, ಅದೇ ದೊಡ್ಡದು" ಎಂದುಕೊಳ್ಳುತ್ತೇವೆ. ದುಡ್ಡು ತೆಗೆದುಕೊಳ್ಳದೆ ಸೇವೆ ಮಾಡುವವರನ್ನು ಪ್ರಶ್ನೆ ಕೇಳುವುದು ಹೇಗೆ ಎಂಬ ಸಂಕೋಚವೂ ಇದೆ. ಬೀಜ ಕೆಟ್ಟರೆ ಬರುವ ವರ್ಷ ಬೇರೆ ತರಬಹುದು. ಕೊನೆಗಾಲದ ಆರೈಕೆ ಕೆಟ್ಟರೆ ಅದನ್ನು ಸರಿಪಡಿಸಲು ಬರುವ ವರ್ಷ ಎಂಬುದಿಲ್ಲ. ಆದ್ದರಿಂದ ಇಂಥ ಆರೈಕೆಯ ಗುಣವನ್ನು ಒರೆಗೆ ಹಚ್ಚುವುದು ಹೇಗೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡುತ್ತೇನೆ.

ಇದರ ಹಿನ್ನೆಲೆಯನ್ನು ಮೊದಲು ಸ್ವಲ್ಪ ತಿಳಿಯೋಣ. ಇಂಗ್ಲೆಂಡಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿ, ಅನಂತರ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಆರಂಭಿಸಿದರು. ರೋಗವನ್ನು ಗುಣಪಡಿಸಲಾಗದಿದ್ದರೂ ರೋಗಿಯ ನೋವನ್ನು ಕಡಿಮೆ ಮಾಡಬಹುದು, ಆ ಕೆಲಸಕ್ಕೂ ಶಾಸ್ತ್ರವಿದೆ ಎಂದು ಅವರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನ ಈ ದಾರಿ ತುಳಿಯಿತು. ಮುಂದೆ ಅದರ ಶಾಖೆ ಗೋವಾದಲ್ಲಿಯೂ ಆಯಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನು ಇರಿಸಿಕೊಂಡು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಕೇರಳದಲ್ಲಿ ಈ ಕೆಲಸ ಬೇರೆ ರೂಪ ತಾಳಿತು. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಉಪಶಮನದ ಒಂದು ಸಂಘ ಕಟ್ಟಿದರು. ಅಲ್ಲಿಂದ ಮಲಪ್ಪುರಂ ಜಿಲ್ಲೆಯ ಊರೂರಿಗೆ ಸ್ವಯಂಸೇವಕರ ಜಾಲ ಹರಡಿತು. ರೋಗಿ ಆಸ್ಪತ್ರೆಗೆ ಹೋಗುವ ಬದಲು ಆರೈಕೆಯೇ ಮನೆಗೆ ಬರತೊಡಗಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಘೋಷಿಸಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಅದು. ಹೀಗಾಗಿ ಕಾಸರಗೋಡಿನ ಕಡೆ ಪಾಲಿಯೇಟಿವ್ ಎಂದರೆ ಎಲ್ಲೋ ದೂರದ ಕಟ್ಟಡವಲ್ಲ. ಅದು ಪಂಚಾಯತಿನ ವಾಹನದಲ್ಲಿ ಅಂಗಳಕ್ಕೆ ಬಂದಿಳಿಯುವ ನರ್ಸ್, ಜೊತೆಗೆ ಆಶಾ ಕಾರ್ಯಕರ್ತೆ, ಅವರ ಕೈಯಲ್ಲಿ ಒಂದು ಚೀಲ. ಇದು ದೊಡ್ಡ ಭಾಗ್ಯವೇ ಸರಿ. ಆದರೆ ಒಂದು ಏರ್ಪಾಡು ಇದೆ ಎಂಬುದು ಬೇರೆ, ಅದರಿಂದ ನಮ್ಮ ಮನೆಯ ರೋಗಿಗೆ ಸುಖವಾಗಿದೆ ಎಂಬುದು ಬೇರೆ.

ಹಾಗಾದರೆ ಒರೆಗಲ್ಲು ಯಾವುದು? ಕಟ್ಟಡವಲ್ಲ, ವಾಹನವಲ್ಲ, ತಿಂಗಳಲ್ಲಿ ಎಷ್ಟು ಮನೆ ಸುತ್ತಿದರು ಎಂಬ ಲೆಕ್ಕವೂ ಅಲ್ಲ. ಬಂದವರು ರೋಗಿಯನ್ನೇ ನೋವಿನ ವಿಚಾರ ಕೇಳಿದರೆ? ಕೇಳಿದ್ದಕ್ಕೆ ತಕ್ಕಂತೆ ಏನಾದರೂ ಮಾಡಿದರೆ? ಮಾಡಿದ್ದು ಫಲ ಕೊಟ್ಟಿತೇ ಎಂದು ಮತ್ತೆ ವಿಚಾರಿಸಿದರೆ? ಈ ಮೂರನ್ನು ಮೊದಲು ನೋಡಬೇಕು.

ನೋವನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ನೋವೇ ಇಲ್ಲದಿದ್ದರೆ 0, ಊಹಿಸಬಹುದಾದ ಅತಿ ಕಠಿಣ ನೋವಾದರೆ 10. ಈಗ ನಿಮ್ಮ ನೋವು ಎಷ್ಟು ಎಂದು ಕೇಳುತ್ತಾರೆ. ಎಲ್ಲಿ ನೋಯುತ್ತದೆ, ಯಾವ ಹೊತ್ತಿನಲ್ಲಿ ಹೆಚ್ಚು, ನಿದ್ದೆ ಬರುತ್ತದೆಯೆ, ನೋವು ಯಾವ ಬಗೆಯದು ಎಂದೂ ವಿಚಾರಿಸುತ್ತಾರೆ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹುಣ್ಣಿನ ಅಥವಾ ಬಾವಿನ ನೋವಿಗೆ ಹಿಡಿಯುವ ಔಷಧಿ, ನರಕ್ಕೆ ಪೆಟ್ಟಾಗಿ ಬರುವ ಉರಿ, ಜೋಮು, ಮಿಂಚು ಹೊಡೆದಂಥ ಸಿಡಿತಕ್ಕೆ ಸಾಲದೆ ಹೋಗಬಹುದು. ಅದಕ್ಕೆ ಬೇರೆ ಔಷಧಿಯನ್ನು ಸೇರಿಸಬೇಕಾಗುತ್ತದೆ. ಎಂದರೆ, ರೋಗಿಯ ಬಾಯಿಂದ ಬರುವ ಒಂದು ಪದದ ಮೇಲೆ ಔಷಧಿಯೇ ಬದಲಾಗುತ್ತದೆ.

ಗಡಿನಾಡಿನ ನಮಗೆ ತೊಡಕು ಇರುವುದು ಇಲ್ಲಿಯೇ. ಬಂದ ನರ್ಸ್ ಮಲಯಾಳದಲ್ಲಿ "ವೇದನ ಉಂಡೋ?" ಎಂದು ಕೇಳುತ್ತಾರೆ. ಮಲಗಿದ ಅಜ್ಜಿ ತುಳುವಿನಲ್ಲಿ "ಬೇನೆ" ಎನ್ನುತ್ತಾರೆ, ಇಲ್ಲವೇ ಮನೆಮಾತಿನ ಕನ್ನಡದಲ್ಲಿ ಏನೋ ಹೇಳುತ್ತಾರೆ. ಅಷ್ಟರಲ್ಲಿ ಮಗ ಮುಂದೆ ಬಂದು "ಸ್ವಲ್ಪ ಇದೆ" ಎಂದು ಮಲಯಾಳದಲ್ಲಿ ಉತ್ತರ ಕೊಡುತ್ತಾನೆ. ಅಜ್ಜಿ ಹೇಳಿದ್ದು ಉರಿ ಎಂದು, ಪುಸ್ತಕದಲ್ಲಿ ಬರೆದದ್ದು ಸ್ವಲ್ಪ ಎಂದು. ನಾವು ಎರಡು ಭಾಷೆ ಬಲ್ಲವರು, ಪೇಟೆಯ ವ್ಯವಹಾರಕ್ಕೆ ಅದು ಸಾಕು. ಆದರೆ ನೋವು ಹೆಚ್ಚಾದಾಗ ಮನುಷ್ಯ ಕಲಿತ ಭಾಷೆಗಿಂತ ಮೊದಲು ತಾಯಿಯ ಮಾತಿಗೇ ಹೋಗುತ್ತಾನೆ. ಆದ್ದರಿಂದ ತಂಡದಲ್ಲಿ ರೋಗಿಯ ಮಾತು ಬಲ್ಲವರು ಒಬ್ಬರಾದರೂ ಇದ್ದಾರೆಯೆ ಎಂದು ಕೇಳುವುದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು. ಅಂಥವರು ಇಲ್ಲದಿದ್ದರೆ ಮನೆಯವರು ಮಾಡಬಹುದಾದದ್ದು ಇಷ್ಟು: ರೋಗಿ ಹೇಳಿದ್ದನ್ನು ಸಣ್ಣದು ಮಾಡದೆ, ದೊಡ್ಡದು ಮಾಡದೆ, ಅದೇ ಪದದಲ್ಲಿ ದಾಟಿಸಿ. ಉರಿ ಎಂದರೆ ಎರಿಚ್ಚಿಲ್, ಜೋಮು ಎಂದರೆ ತರಿಪ್ಪ್, ಚುಚ್ಚಿದಂತಾಗುವುದು ಎಂದರೆ ಕುತ್ತಲ್. ಈ ಮೂರು ಪದ ತಿಳಿದಿದ್ದರೂ ಎಷ್ಟೋ ಉಪಕಾರವಾಗುತ್ತದೆ.

ಎರಡನೆಯದು ಮಾರ್ಫಿನ್. ಕಠಿಣ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಮಾತ್ರೆ ಬೆಲೆಯಲ್ಲಿ ಕಡಿಮೆ, ಗುಣದಲ್ಲಿ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ಹೇಳಿ, ಮೇಲಿನ ಮೆಟ್ಟಿಲಿನಲ್ಲಿ ಇದನ್ನು ಇಟ್ಟಿತು. ಆದರೆ ನಮ್ಮಲ್ಲಿ 1985ರ ಮಾದಕ ದ್ರವ್ಯ ಕಾನೂನಿನ ಬಿಗಿಯಿಂದಾಗಿ ಇದು ರೋಗಿಗೆ ದೊರೆಯುವುದೇ ಕಷ್ಟವಾಗಿತ್ತು. 2014ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ, ಮಾನ್ಯತೆ ಪಡೆದ ಸಂಸ್ಥೆಗಳು ಇದನ್ನು ಇಟ್ಟುಕೊಳ್ಳುವ ದಾರಿಯನ್ನು ಸುಲಭಗೊಳಿಸಿತು. ಆದುದರಿಂದ ನೀವು ಕೇಳಬೇಕಾದ ನೇರ ಪ್ರಶ್ನೆ: "ಅಗತ್ಯ ಬಿದ್ದರೆ ನಿಮ್ಮಲ್ಲಿ ಮಾರ್ಫಿನ್ ಸಿಗುತ್ತದೆಯೆ? ಇಲ್ಲದಿದ್ದರೆ ಎಲ್ಲಿಂದ, ಎಷ್ಟು ದಿನದಲ್ಲಿ ತರಿಸಿಕೊಡುತ್ತೀರಿ?" ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಉಳಿದ ಸೌಕರ್ಯ ಎಷ್ಟಿದ್ದರೂ ಅಷ್ಟಕ್ಕಷ್ಟೆ.

ಮಾರ್ಫಿನ್ ಕೊಟ್ಟ ಮೇಲೆ ತಂಡ ಏನು ಹೇಳುತ್ತದೆ ಎಂಬುದನ್ನೂ ಗಮನಿಸಿ. ಸಾಧಾರಣ ಮಾತ್ರೆಯ ಬಲ ಸುಮಾರು 4 ಗಂಟೆ. ಆದ್ದರಿಂದ ನೋವು ಬಂದ ಮೇಲೆ ನುಂಗುವುದಲ್ಲ, ಹೊತ್ತಿಗೆ ಸರಿಯಾಗಿ ನುಂಗಬೇಕು. ಮಾರ್ಫಿನ್ ಮಲಬದ್ಧತೆ ತರುತ್ತದೆ. ಹಾಗಾಗಿ ಹೊಟ್ಟೆ ಸಡಿಲಿಸುವ ಔಷಧಿಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಕೊಡದಿದ್ದರೆ ಕೆಲಸ ಬಲ್ಲವರಲ್ಲ ಎಂದು ಅನುಮಾನಿಸಲು ಕಾರಣವಿದೆ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಬರಬಹುದು ಎಂದು ಮುಂಚೆಯೇ ತಿಳಿಸಬೇಕು. ತಾವಾಗಿ ಹೆಚ್ಚು ಕಡಿಮೆ ಮಾಡಬಾರದು, ಥಟ್ಟನೆ ನಿಲ್ಲಿಸಬಾರದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು ಎಂದೂ ಹೇಳಬೇಕು. ಮಾರ್ಫಿನ್ ಶುರುಮಾಡಿದರೆ ಸಾವು ಬೇಗ ಬರುತ್ತದೆ, ಚಟ ಹಿಡಿಯುತ್ತದೆ ಎಂಬ ಹೆದರಿಕೆ ಜನರಲ್ಲಿದೆ. ವೈದ್ಯರು ನೋವಿಗೆ ತಕ್ಕ ಅಳತೆಯಲ್ಲಿ ಕೊಟ್ಟಾಗ ಈ ಹೆದರಿಕೆಗೆ ಆಧಾರವಿಲ್ಲ. ಒಳ್ಳೆಯ ತಂಡ ಕುಳಿತು ಅದನ್ನು ಮನವರಿಕೆ ಮಾಡಿಕೊಡುತ್ತದೆ.

ಮೂರನೆಯದು ರಾತ್ರಿ. ನೋವಿಗೆ ಕಚೇರಿಯ ವೇಳೆ ಇಲ್ಲ. ಉಸಿರುಗಟ್ಟುವುದು, ಮೂತ್ರದ ನಳಿಗೆ ಕಟ್ಟಿಕೊಳ್ಳುವುದು, ವಾಂತಿ ನಿಲ್ಲದಿರುವುದು ನಡುರಾತ್ರಿಯಲ್ಲಿಯೇ ಬಂದೀತು. ತಂಡ ತಿಂಗಳಿಗೊಮ್ಮೆ ಬರುವುದಾದರೆ ಉಳಿದ ದಿನಗಳಲ್ಲಿ ಫೋನು ಮಾಡುವುದು ಯಾರಿಗೆ? ಫೋನು ಎತ್ತುತ್ತಾರೆಯೆ? ರಾತ್ರಿ ಕೊಡಬೇಕಾದ ಒಂದೆರಡು ಹೆಚ್ಚಿನ ಮಾತ್ರೆಗಳನ್ನು ಮನೆಯಲ್ಲಿಯೇ ಇಟ್ಟು, ಹೇಗೆ ಕೊಡಬೇಕೆಂದು ಬರೆದುಕೊಟ್ಟಿದ್ದಾರೆಯೆ? ಬಹುಕಾಲ ಮಲಗಿದವರಿಗೆ ತಿಂಗಳ ಭೇಟಿ ಸಾಕಾಗಬಹುದು. ನೋವು ಏರುತ್ತಿರುವ ಕ್ಯಾನ್ಸರ್ ರೋಗಿಗೆ ಅದು ಸಾಲದು. ಅವಸ್ಥೆ ನೋಡಿ ಭೇಟಿ ಹೆಚ್ಚಿಸುವ ತಂಡವೇ ಒಳ್ಳೆಯ ತಂಡ.

ನಾಲ್ಕನೆಯದು ಕೈಕೆಲಸ. ಮಲಗಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಕ್ಯಾನ್ಸರ್ ಹುಣ್ಣಿನಿಂದ ದುರ್ವಾಸನೆ ಬಂದರೆ ರೋಗಿ ನಾಚಿಕೆಯಿಂದ ಮೂಲೆ ಸೇರುತ್ತಾರೆ, ನೆಂಟರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಮೆಟ್ರೊನಿಡಜೋಲ್ ಎಂಬ ಸಾಮಾನ್ಯ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಈ ವಾಸನೆಯನ್ನು ತಗ್ಗಿಸಬಹುದು. ನರ್ಸ್ ಇದನ್ನೆಲ್ಲ ತಾನೇ ಮಾಡಿ ಹೋದರೆ ಅರ್ಧ ಕೆಲಸವಾಯಿತು, ಮನೆಯವರ ಕೈಯಲ್ಲಿ ಮಾಡಿಸಿ ಕಲಿಸಿದರೆ ಪೂರ್ತಿಯಾಯಿತು. ಒಳರೋಗಿಗಳಾಗಿ ಇರಿಸಿಕೊಳ್ಳುವ ಸಂಸ್ಥೆಯನ್ನು ನೋಡಲು ಹೋದಾಗ ನೆಲದ ಹೊಳಪನ್ನು ನೋಡಬೇಡಿ. ಮಲಗಿದವರ ಬಾಯಿ, ಬೆನ್ನು, ಹಾಸಿಗೆ ಶುಚಿಯಾಗಿವೆಯೆ ನೋಡಿ. ಮನೆಯವರು ಜೊತೆಗಿರಲು ಬಿಡುತ್ತಾರೆಯೆ, ಯಾವ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ, ಖರ್ಚು ಎಷ್ಟು ಎಂದು ಮೊದಲೇ ಕೇಳಿ.

ಐದನೆಯದು ಮಾತು. ರೋಗಿಗೆ ತನ್ನ ಕಾಯಿಲೆಯ ವಿಚಾರ ಎಷ್ಟು ತಿಳಿಯಬೇಕೆಂದಿದೆಯೋ ಅಷ್ಟನ್ನು ಮೆಲ್ಲನೆ ತಿಳಿಸುವುದು ಒಂದು ವಿದ್ಯೆ. ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳುವುದೂ ತಪ್ಪು, ಮನೆಯವರೊಡನೆ ಸೇರಿ ಕೊನೆಯವರೆಗೂ ಮುಚ್ಚಿಡುವುದೂ ತಪ್ಪು. ಎಲ್ಲಿ ಸಾಯಬೇಕು, ಯಾರನ್ನು ನೋಡಬೇಕು, ಯಾವ ಚಿಕಿತ್ಸೆ ಬೇಡ ಎಂಬುದು ರೋಗಿಯ ಮಾತಾಗಿರಬೇಕು. ಚೇತರಿಸುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಜೀವ ಹಿಡಿದಿಡುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿದೆ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದೆ.

ಆರನೆಯದು ನೋಡಿಕೊಳ್ಳುವವರು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಆದರೆ ಎಣ್ಮಕಜೆ, ಬೆಳ್ಳೂರು ಮೊದಲಾದ ಕಡೆ ಮಲಗಿದಲ್ಲೇ ಬೆಳೆದ ಮಕ್ಕಳನ್ನು ಎತ್ತಿ ಇಳಿಸುತ್ತ ತಾಯಂದಿರು ಮುದುಕಿಯರಾಗಿದ್ದಾರೆ. ಇಂಥ ಮನೆಯಲ್ಲಿ ನರ್ಸ್ ಮಗುವಿನ ಜೊತೆಗೆ ತಾಯಿಯ ಬೆನ್ನುನೋವನ್ನೂ ನಿದ್ದೆಯನ್ನೂ ಕೇಳಬೇಕು. ಸಾವು ಸಂಭವಿಸಿದ ಮೇಲೆ ಒಮ್ಮೆ ಬಂದು ಉಳಿದವರನ್ನು ಮಾತನಾಡಿಸಿ ಹೋಗುವುದೂ ಆರೈಕೆಯ ಭಾಗವೇ.

ಕೊನೆಯದಾಗಿ ಗಡಿಯ ಮಾತು. ಚಿಕಿತ್ಸೆಗೆ ನಾವು ಮಂಗಳೂರಿಗೆ ಹೋಗುವವರು. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳು ಗಡಿಯಲ್ಲಿಯೇ ನಿಲ್ಲಬೇಕಾಯಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಆದ್ದರಿಂದ ಆಚೆಯ ವೈದ್ಯರ ಚೀಟಿಯ ಪ್ರತಿಯನ್ನು ಈಚೆಯ ನರ್ಸ್ ಇಟ್ಟುಕೊಂಡಿದ್ದಾರೆಯೆ, ದಾರಿ ನಿಂತರೂ ಔಷಧಿ ಇಲ್ಲಿಯೇ ದೊರೆಯುವ ಏರ್ಪಾಡು ಇದೆಯೆ ಎಂದು ವಿಚಾರಿಸಿ. ಜತ್ತ, ಅಕ್ಕಲಕೋಟೆ, ಹೊಸೂರು, ತಾಳವಾಡಿಯ ಕೇಳುಗರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ಪ್ರಶ್ನೆ ಕೇಳುವುದು ಕೃತಘ್ನತೆಯಲ್ಲ. ಕಡಿಮೆ ಸಂಬಳಕ್ಕೆ ಗುಡ್ಡ ಹತ್ತಿ ಇಳಿಯುವ ನರ್ಸ್ ಮೇಲೆ ಸಿಟ್ಟು ಮಾಡುವುದರಿಂದ ಏನೂ ಆಗದು. ಔಷಧಿ ಇಲ್ಲ, ಭಾಷೆ ಬಲ್ಲವರಿಲ್ಲ, ರಾತ್ರಿಗೆ ಯಾರೂ ಇಲ್ಲ ಎಂಬ ಕೊರತೆಗಳಿಗೆ ಉತ್ತರ ಕೊಡಬೇಕಾದವರು ಅವರ ಮೇಲಿನವರು. ಅದನ್ನು ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯತಿಗೆ ಬರೆದು ಕೊಡಿ. ಕನ್ನಡದಲ್ಲಿಯೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ.

ಮನೆಯಲ್ಲಿ ರೋಗಿಯಿದ್ದರೆ ಇಂದು ರಾತ್ರಿಯೇ ಒಂದು ಹಳೆಯ ನೋಟು ಪುಸ್ತಕ ತೆಗೆಯಿರಿ. ಬೆಳಗ್ಗೆ, ಸಂಜೆ, ರಾತ್ರಿ ನೋವು 0ಯಿಂದ 10ರೊಳಗೆ ಎಷ್ಟು ಎಂದು ಕೇಳಿ ಬರೆಯಿರಿ. ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಮಲವಿಸರ್ಜನೆ ಆಯಿತೆ, ನಿದ್ದೆ ಬಂತೆ ಎಂಬುದನ್ನೂ ಬರೆಯಿರಿ. ನರ್ಸ್ ಬಂದಾಗ ಆ ಪುಟಗಳನ್ನು ಮುಂದಿಡಿ. ಅದನ್ನು ಓದಿ, ಔಷಧಿ ಬದಲಿಸಿ, ನಾಲ್ಕು ದಿನ ಬಿಟ್ಟು "ಈಗ ಹೇಗಿದೆ?" ಎಂದು ಫೋನಿನಲ್ಲಿ ಕೇಳಿದರೆ, ನಿಮ್ಮ ರೋಗಿ ಒಳ್ಳೆಯ ಕೈಗಳಲ್ಲಿದ್ದಾರೆ ಎಂದು ಧೈರ್ಯ ತಂದುಕೊಳ್ಳಬಹುದು. ನೋವಿನ ಅಂಕೆ ಒಂದೇ ಕಡೆ ನಿಂತಿದ್ದೂ ಯಾರೂ ಕೇಳದಿದ್ದರೆ, ಅದೇ ಪುಸ್ತಕವನ್ನು ಹಿಡಿದುಕೊಂಡು ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಹೋಗಿ.